ದೀಪಕ್ಕೊಂದು ಗವಸು

ಓದುವ ಮೇಜಿನ ದೀಪವೇನೋ ಚೆನ್ನಾಗಿಯೇ ಬೆಳಗುತ್ತದೆ. ಆದರೆ ಅದರ ಶೇಡ್ ಬಣ್ಣಗೆಟ್ಟು, ಅಲ್ಲಲ್ಲಿ ಕಲೆಯಾಗಿದೆ. ಹೊಸದನ್ನು ಕೊಳ್ಳುವ ಬದಲು, ದಿಂಬಿಗೆ ಹಾಕುವಂತೆ ಅದಕ್ಕೂ ಒಂದು ಗವಸು ಹೊಲಿದರೆ ಹೇಗೆ? ರಜೆಯ ಒಂದು ಮಧ್ಯಾಹ್ನದ ಕೆಲಸ. ಆದರೆ ಬಟ್ಟೆಗೆ ಕತ್ತರಿ ಹಾಕುವ ಮೊದಲು ಶೇಡಿನ ಒಳಗೆ ಇಣುಕಿ ನೋಡಬೇಕು. ಅಲ್ಲಿರುವ ಬಲ್ಬು ಯಾವುದು?

ಹಳೆಯ ತಂತಿಬಲ್ಬಿನಲ್ಲಿ ಟಂಗ್‌ಸ್ಟನ್ ತಂತಿ ಸುಮಾರು 2,500 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾದು ಬೆಳಕು ಕೊಡುತ್ತದೆ. ಬಳಸಿದ ವಿದ್ಯುತ್ತಿನಲ್ಲಿ ಶೇಕಡಾ 90ಕ್ಕೂ ಹೆಚ್ಚು ಪಾಲು ಶಾಖವಾಗಿ ಹೋಗುತ್ತದೆ. 60 ವ್ಯಾಟಿನ ಬಲ್ಬಿನ ಗಾಜು ನೀರು ಕುದಿಯುವ 100 ಡಿಗ್ರಿಯನ್ನು ಸುಲಭವಾಗಿ ದಾಟುತ್ತದೆ. ಅದಕ್ಕೆ ಬಟ್ಟೆ ತಾಗಿದರೆ ಶಾಖ ಹೊರಹೋಗದೆ ಇನ್ನೂ ಏರುತ್ತದೆ. ಆಗ ಹತ್ತಿ ಬಟ್ಟೆ ಕಂದಿ, ಕರಿಕಾಗಿ, ಹೊತ್ತಿಕೊಳ್ಳಲೂಬಹುದು. ಪಾಲಿಯೆಸ್ಟರ್ ಮೊದಲು ಮೆತ್ತಗಾಗಿ ಮುದುಡುತ್ತದೆ, ಸುಮಾರು 250 ಡಿಗ್ರಿಯಲ್ಲಿ ಕರಗಿ ತೊಟ್ಟಿಕ್ಕುತ್ತದೆ.

ಅಷ್ಟೇ ಬೆಳಕನ್ನು ಎಲ್‌ಇಡಿ ಬಲ್ಬು 8-9 ವ್ಯಾಟಿನಲ್ಲಿ ಕೊಡುತ್ತದೆ. ಆದ್ದರಿಂದ ಗವಸಿನ ಕೆಲಸ ಆರಂಭವಾಗಬೇಕಾದದ್ದು ಬಲ್ಬು ಬದಲಿಸುವುದರಿಂದ! ಹಾಗೆಂದು ಎಲ್‌ಇಡಿಗೆ ಶಾಖವೇ ಇಲ್ಲವೆಂದಲ್ಲ. ಅದರ ಬುಡ ಬಿಸಿಯಾಗುತ್ತದೆ. ಗಾಳಿಯಾಡದಿದ್ದರೆ ಬಲ್ಬಿನ ಆಯುಸ್ಸೂ ಕಡಿಮೆ. ಬಿಸಿ ಗಾಳಿ ಮೇಲೇರುವುದರಿಂದ ಶೇಡಿನ ಮೇಲುಬಾಯಿಯನ್ನಾಗಲಿ ಕೆಳಬಾಯಿಯನ್ನಾಗಲಿ ಎಂದೂ ಮುಚ್ಚಬಾರದು.

ಇನ್ನು ಅಳತೆ. ಮೇಲೆ ಕಿರಿದು, ಕೆಳಗೆ ಅಗಲವಾದ ಶೇಡಿನ ಆಕಾರಕ್ಕೆ ಗಣಿತದಲ್ಲಿ ಶಂಕುವಿನ ಭಿನ್ನಕ ಎಂದು ಹೆಸರು. ಅದನ್ನು ಬಿಡಿಸಿ ಹರಡಿದರೆ ಆಯತ ಬರುವುದಿಲ್ಲ, ಬಾಗಿದ ಪಟ್ಟಿ ಬರುತ್ತದೆ. ಉದಾಹರಣೆಗೆ ಮೇಲಿನ ವ್ಯಾಸ 20 ಸೆಂ.ಮೀ., ಕೆಳಗಿನದು 30 ಸೆಂ.ಮೀ., ಓರೆ ಎತ್ತರ 20 ಸೆಂ.ಮೀ. ಇರಲಿ. ಅಂದರೆ ತ್ರಿಜ್ಯ 10ರಿಂದ 15ಕ್ಕೆ ಏರಿದೆ. 20 ಸೆಂ.ಮೀ. ಇಳಿಯುವಾಗ ತ್ರಿಜ್ಯ 5 ಸೆಂ.ಮೀ. ಹೆಚ್ಚಿದರೆ, ಸೊನ್ನೆಯಿಂದ 15 ಆಗಲು 60 ಸೆಂ.ಮೀ. ಇಳಿಯಬೇಕು. ಇದೇ ಹೊರಕಂಸದ ತ್ರಿಜ್ಯ. ಒಳಕಂಸದ್ದು 60ರಲ್ಲಿ 20 ಕಳೆದು 40. ಕೋನ ಎಷ್ಟು? 360ನ್ನು 15ರಿಂದ ಗುಣಿಸಿ 60ರಿಂದ ಭಾಗಿಸಿದರೆ 90 ಡಿಗ್ರಿ, ಅಂದರೆ ಕಾಲು ವೃತ್ತ!

ಹಳೆಯ ಪತ್ರಿಕೆಯ ಹಾಳೆಗಳನ್ನು ಅಂಟಿಸಿ, ಒಂದು ಮೂಲೆಯನ್ನೇ ಕೇಂದ್ರವಾಗಿಟ್ಟುಕೊಂಡು, ದಾರಕ್ಕೆ ಪೆನ್ಸಿಲ್ ಕಟ್ಟಿ ಎರಡು ಕಂಸಗಳನ್ನು ಎಳೆಯಿರಿ. ಕತ್ತರಿಸಿದ ಪಟ್ಟಿಯನ್ನು ಶೇಡಿಗೆ ಸುತ್ತಿ ನೋಡಿ. ಲೆಕ್ಕ ತಪ್ಪಿದ್ದರೆ ಹಾಳಾಗುವುದು ಕಾಗದ ಮಾತ್ರ.

ಬಟ್ಟೆಗೆ ಅಮ್ಮನ ಹಳೆಯ ಹತ್ತಿ ಸೀರೆ ಸಾಕು. ಈ ಅಳತೆಗೆ 65 ಸೆಂ.ಮೀ. ಉದ್ದಗಲದ ತುಂಡು ಬೇಕಾಗುತ್ತದೆ. ಹೊಸ ಬಟ್ಟೆಯಾದರೆ ಮೊದಲು ಒಗೆದು ಒಣಗಿಸಿ, ಇಲ್ಲದಿದ್ದರೆ ಮುಂದೆ ಗವಸು ಕುಗ್ಗೀತು. ತಿಳಿ ಬಣ್ಣ ಓದಲು ಅನುಕೂಲ. ಗಾಢ ಬಣ್ಣ ಬೆಳಕನ್ನು ಹೀರಿಕೊಳ್ಳುತ್ತದೆ. ಎರಡು ನೇರ ಅಂಚುಗಳಿಗೆ 1.5 ಸೆಂ.ಮೀ., ಬಾಗಿದ ಅಂಚುಗಳಿಗೆ 3 ಸೆಂ.ಮೀ. ಹೆಚ್ಚು ಬಿಟ್ಟು ಕತ್ತರಿಸಿ. ಬಾಗಿದ ಅಂಚಿನಲ್ಲಿ ಬಟ್ಟೆಯ ಎಳೆಗಳು ಓರೆಯಾಗಿರುವುದರಿಂದ ಅದು ಬೇಗ ಹಿಗ್ಗುತ್ತದೆ. ಹೊಲಿಯುವಾಗ ಜಗ್ಗಬೇಡಿ. ನೇರ ಅಂಚುಗಳನ್ನು ಕೂಡಿಸಿ ಹೊಲಿದು, ಮೇಲೂ ಕೆಳಗೂ ಲಾಡಿ ಹೋಗುವಷ್ಟು ಮಡಚಿ ಹೊಲಿಯಿರಿ. ಲಾಡಿ ತೂರಿಸಲು ಸಣ್ಣ ಕಿಂಡಿ ಉಳಿಯಲಿ.

ಪ್ಲಗ್ ಕಿತ್ತ ಮೇಲೆಯೇ ಗವಸು ತೊಡಿಸಬೇಕು. ಲಾಡಿ ಎಳೆದರೆ ಅಂಚುಗಳು ಶೇಡಿನ ಒಳಕ್ಕೆ ಮಡಚಿ ಕೂರುತ್ತವೆ. ಲಾಡಿಯ ತುದಿಯಾಗಲಿ ಬಟ್ಟೆಯಾಗಲಿ ಬಲ್ಬಿಗೆ ತಾಗದಂತೆ ನೋಡಿಕೊಳ್ಳಿ.

ಕೊನೆಗೊಂದು ಪರೀಕ್ಷೆ ಉಂಟು. ಹಿರಿಯರು ಎದುರಿಗಿರುವಾಗ ಅರ್ಧ ಗಂಟೆ ದೀಪ ಹಚ್ಚಿಟ್ಟು, ಗವಸನ್ನು ಹೊರಗಿನಿಂದ ಮುಟ್ಟಿ ನೋಡಿ. ಕೈಗೆ ಬಿಸಿ ತಟ್ಟಿದರೆ ಗವಸು ಎಷ್ಟೇ ಚೆಂದವಿದ್ದರೂ ತೆಗೆದುಬಿಡಿ. ತಣ್ಣಗಿದ್ದರೆ ಪುಸ್ತಕ ತೆರೆಯಿರಿ.