ಗುತ್ತಿಗೆ ನೌಕರರೂ ಜಠರಾಗ್ನಿಯೂ

ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲಗಳ ಕಚೇರಿಗಳಲ್ಲಿ ಹೊರಗುತ್ತಿಗೆಯ ಮೇಲೆ ದುಡಿಯುವ ತರುಣರು ಎದೆಯುರಿ, ಹುಳಿತೇಗು, ನಿದ್ರಾಹೀನತೆಗಳೆಂದು ನಮ್ಮಲ್ಲಿಗೆ ಬರುತ್ತಾರೆ. ವಿಚಾರಿಸಿದರೆ ವ್ಯಾಧಿಯ ಮೂಲವು ಊಟದಲ್ಲಷ್ಟೇ ಇರುವುದಿಲ್ಲ. ಇವರಿಗೆ ಕೆಲಸ ಹೇಳುವವರು ಕಚೇರಿಯವರು, ವೇತನ ಕೊಡುವವನು ಗುತ್ತಿಗೆದಾರ. ನವೀಕರಣದ ಹೊತ್ತಿಗೆ ಯಾರ ಮಾತು ನಡೆಯುವುದೋ ತಿಳಿಯದು. ಆ ಭಯದಿಂದಲೇ ಕಾಯಂ ನೌಕರರ ಬಣಗಳ ನಡುವೆ ಸಿಲುಕಿ, ಒಬ್ಬರ ಮಾತನ್ನು ಇನ್ನೊಬ್ಬರಿಗೆ ಮುಟ್ಟಿಸುವವರಾಗುತ್ತಾರೆ.

ಹಿತಮಿತವಾಗಿ ಉಂಡದ್ದೂ ಚಿಂತೆ, ಭಯ, ಕ್ರೋಧ, ಜಾಗರಣೆಗಳಿದ್ದಲ್ಲಿ ಜೀರ್ಣವಾಗದೆಂಬುದು ಚರಕಸಂಹಿತೆಯ ವಿಮಾನಸ್ಥಾನದ ಅಭಿಪ್ರಾಯ. ಆದುದರಿಂದ ಬರಿಯ ಚೂರ್ಣದಿಂದ ಇದು ನೀಗದು.

ಮೊದಲ ಪಥ್ಯ ನಾಲಗೆಯದು. ಯಾವ ಬಣದ ಚಾಡಿಯನ್ನೂ ಹೊರಬಾರದು. ಹಾಜರಾತಿ, ವೇತನಚೀಟಿ, ಭವಿಷ್ಯನಿಧಿಯ ದಾಖಲೆಗಳನ್ನು ಜೋಪಾನವಾಗಿಡಬೇಕು. ಗುತ್ತಿಗೆದಾರನು ವೇತನ ಕೊಡದಿದ್ದರೆ ಮೂಲ ಉದ್ಯೋಗದಾತನೇ ಕೊಡಬೇಕೆಂದು 1970ರ ಗುತ್ತಿಗೆ ಕಾರ್ಮಿಕ ಕಾಯ್ದೆಯು ವಿಧಿಸಿತು. ಆ ಹೊಣೆ ಹೊಸ ಕಾರ್ಮಿಕ ಸಂಹಿತೆಯಲ್ಲಿಯೂ ಉಳಿದಿದೆ. ಹಕ್ಕು ಕೇಳಲು ಬಣದ ಆಶ್ರಯ ಬೇಡ, ಕಾರ್ಮಿಕ ಇಲಾಖೆಯಿದೆ.

ಮಧ್ಯಾಹ್ನದ ರೊಟ್ಟಿಬುತ್ತಿಯನ್ನು ಕಚೇರಿಯ ಮಾತಿಲ್ಲದೆ ಉಣ್ಣಿರಿ. ಚಹಾ, ಮಿರ್ಚಿಭಜಿ ಮಿತವಾಗಿರಲಿ. ರಾತ್ರಿ ಅಂಗಾಲಿಗೆ ಎಳ್ಳೆಣ್ಣೆ ತಿಕ್ಕಿ ಬೇಗ ಮಲಗಿರಿ. ಎದೆನೋವು ತೋಳಿಗೆ ಹರಡಿದರೆ, ಮಲ ಕಪ್ಪಾದರೆ ತಡಮಾಡದೆ ಆಸ್ಪತ್ರೆಗೆ ಹೋಗಿರಿ.

ಮನೆಯ ಹಿರಿಯರಲ್ಲಿ ನಮ್ಮದೊಂದು ವಿನಂತಿ: ‘ಇನ್ನೂ ಕಾಯಂ ಆಗಲಿಲ್ಲವೇ?’ ಎಂದು ನಿತ್ಯವೂ ಕೇಳದಿರಿ. ಕಾಯಕದಲ್ಲಿ ಕಾಯಂ, ಗುತ್ತಿಗೆ ಎಂಬ ಮೇಲುಕೀಳಿಲ್ಲ.