ಅರಿವು ಕೇಂದ್ರಕ್ಕೆ ಅವ್ವನನ್ನೂ ಕರ್ಕೊಂಡು ಹೋಗಿ

ಈ ವಾರ ಬೀಜ, ಗೊಬ್ಬರ, ಮಾರುಕಟ್ಟೆ ದರದ ಮಾತನ್ನು ಸ್ವಲ್ಪ ಬದಿಗಿಡೋಣ. ನಿಮ್ಮ ಗ್ರಾಮ ಪಂಚಾಯಿತಿ ಗ್ರಂಥಾಲಯಕ್ಕೆ ನೀವು ಕೊನೆಯ ಸಲ ಹೋಗಿದ್ದು ಯಾವಾಗ? ‘ಪೇಪರ್ ಓದೋಕೆ ಹಿರಿಯರು ಹೋಗ್ತಾರೆ, ಪೊಲೀಸ್ ಪರೀಕ್ಷೆಗೆ ಓದೋ ಹುಡುಗರು ಹೋಗ್ತಾರೆ, ನನಗೇನು ಕೆಲಸ ಅಲ್ಲಿ’ ಅನ್ನೋರೇ ಜಾಸ್ತಿ. ಹಾವೇರಿ ಜಿಲ್ಲೆಯ ನಮ್ಮೂರಲ್ಲೂ ಇದೇ ಮಾತಿತ್ತು. ಈಗ ಬುಧವಾರ ಸಂಜೆ ಅಲ್ಲಿ ಕೂರಲು ಜಾಗ ಸಾಲುವುದಿಲ್ಲ. ಅದು ಹೇಗಾಯ್ತು, ಅದರಿಂದ ಹೊಲಕ್ಕೇನು ಬಂತು ಅಂತ ಹೇಳ್ತೀನಿ.

ಮೊದಲು ಸ್ವಲ್ಪ ಹಿನ್ನೆಲೆ. 2019ರಲ್ಲಿ ಹಳ್ಳಿ ಗ್ರಂಥಾಲಯಗಳನ್ನು ಸರ್ಕಾರ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ವಹಿಸಿತು. ಮರುವರ್ಷ ಕೊರೊನಾದಿಂದ ಶಾಲೆ ಮುಚ್ಚಿದ್ದಾಗ ‘ಓದುವ ಬೆಳಕು’ ಶುರುವಾಗಿ, 6ರಿಂದ 18 ವರ್ಷದ ಮಕ್ಕಳಿಗೆ ಉಚಿತ ಸದಸ್ಯತ್ವ ಸಿಕ್ಕಿತು. ಆಮೇಲೆ ಹಲವು ಕಡೆ ಕಂಪ್ಯೂಟರ್, ಟಿವಿ ಬಂದವು, ಬೋರ್ಡಿನ ಮೇಲೆ ‘ಅರಿವು ಕೇಂದ್ರ’ ಅಂತ ಹೆಸರೂ ಬಂತು. ಎಲ್ಲ ಊರಲ್ಲೂ ಒಂದೇ ಮಟ್ಟದಲ್ಲಿದೆ ಅಂತ ನಾನು ಹೇಳಲ್ಲ. ಕೆಲವು ಕಡೆ ಟಿವಿ ಇನ್ನೂ ಡಬ್ಬಿಯಲ್ಲೇ ಇರುತ್ತೆ. ಆದರೆ ಒಂದು ಗೊತ್ತಿರಲಿ, ನಿಮ್ಮ ಮನೆ ತೆರಿಗೆ ರಸೀದಿ ತೆಗೆದು ನೋಡಿ. ಅದರಲ್ಲಿ ಗ್ರಂಥಾಲಯ ಕರ ಅಂತ ಒಂದು ಸಾಲು ಇರುತ್ತೆ. ತೆರಿಗೆಯ ನೂರು ರೂಪಾಯಿಗೆ 6 ರೂಪಾಯಿ. ಅಂದ್ರೆ ಇದು ಯಾರೋ ಕೊಟ್ಟ ದಾನ ಅಲ್ಲ, ನಮ್ಮದೇ ದುಡ್ಡು.

ನಮ್ಮಲ್ಲಿ ಮೊದಲು ಬಂದವರು ಮಕ್ಕಳು. ಕತ್ತಲಾದ ಮೇಲೆ ಅವರನ್ನು ಕರ್ಕೊಂಡು ಹೋಗೋಕೆ ತಾಯಂದಿರು ಬಂದು ಬಾಗಿಲ ಹೊರಗೇ ನಿಲ್ಲುತ್ತಿದ್ದರು. ಮೇಲ್ವಿಚಾರಕಿ ಅಕ್ಕಾರು ಒಂದಿನ, ‘ಹೊರಗ ಯಾಕ ನಿಂತೀರಿ, ಒಳಗ ಬರ್ರಿ, ಮಗಳು ಏನು ಓದ್ಯಾಳ ನೀವೂ ಕೇಳ್ರಿ’ ಅಂದರು. ಅಷ್ಟೇ. ಮಗಳು ಗಟ್ಟಿಯಾಗಿ ಓದೋದು, ಅವ್ವ ಕೇಳೋದು. ಹದಿನೈದು ದಿನದಲ್ಲಿ ಕತೆ ಪುಸ್ತಕ ಮುಗಿದವು. ಆಗ ಒಬ್ಬ ಹುಡುಗಿ ಮನೆಯಿಂದ ಓದೋಕೆ ತಂದಿದ್ದು ಏನು ಗೊತ್ತಾ? ಗೋವಿನಜೋಳಕ್ಕೆ ಹೊಡೆಯೋ ಎಣ್ಣಿ ಡಬ್ಬಿಯೊಳಗಿನ, ನಾಲ್ಕು ಮಡಿಕೆಯ ಕರಪತ್ರ.

ನಮ್ಮ ಕಡೆ ಕೀಟನಾಶಕಕ್ಕೆ ಎಣ್ಣಿ ಅಂತಾರೆ. ಆ ಕರಪತ್ರವನ್ನು ಯಾರೂ ಓದಲ್ಲ, ಡಬ್ಬಿ ಒಡೆದ ಕೂಡಲೇ ಬದುವಿನಲ್ಲಿ ಬಿಸಾಡ್ತಾರೆ. ಅಕ್ಷರ ಇರುವೆ ಸಾಲಿನ ಹಾಗಿರುತ್ತೆ, ನಿಜ. ಆದರೆ ಫೋನಿನಲ್ಲಿ ಫೋಟೊ ತೆಗೆದು ಟಿವಿಗೆ ಹಾಕಿದರೆ ಒಂದೊಂದು ಅಕ್ಷರ ಗೇಣುದ್ದ ಕಾಣುತ್ತೆ. ನಾನು ಮಾಡಿದ್ದು ಆ ಕೆಲಸ ಮಾತ್ರ. ಡಬ್ಬಿಯನ್ನು ಕೇಂದ್ರದೊಳಗೆ ತರಕೂಡದು, ಫೋಟೊ ಮಾತ್ರ ತರಬೇಕು ಅಂತ ಮೊದಲ ದಿನವೇ ನಿಯಮ ಮಾಡಿದೆವು. ಹೀಗೆ ಬುಧವಾರದ ‘ಲೇಬಲ್ ಓದು’ ಶುರುವಾಯ್ತು.

ಓದು ಬರದವರಿಗೆ ಬಣ್ಣದಿಂದ ಆರಂಭಿಸಿದೆವು. ಡಬ್ಬಿ ಮೇಲೆ ವಜ್ರಾಕಾರದ ಗುರುತಿರುತ್ತೆ. ಅದರ ಕೆಳಗಿನ ತ್ರಿಕೋನ ಕೆಂಪಿದ್ದರೆ ಅತ್ಯಂತ ವಿಷಕಾರಿ, ಮೇಲಿನ ಅರ್ಧದಲ್ಲಿ ತಲೆಬುರುಡೆ ಇರುತ್ತೆ. ಆಮೇಲೆ ಹಳದಿ, ನೀಲಿ, ಹಸಿರು, ಹೀಗೆ ವಿಷದ ತೀವ್ರತೆ ಇಳಿಯುತ್ತಾ ಹೋಗುತ್ತೆ. ಹಸಿರು ಅಂದ್ರೆ ಏನೂ ಆಗಲ್ಲ ಅಂತಲ್ಲ, ಅದೂ ವಿಷವೇ. ಇದನ್ನು ಕಲಿಯೋಕೆ ನಮ್ಮ ಚಿಗವ್ವನಿಗೆ ಹತ್ತು ನಿಮಿಷ ಬೇಕಾಗಲಿಲ್ಲ. ಮರುದಿನ ಬೆಳಿಗ್ಗೆ ಅಟ್ಟದ ಮೇಲೆ ಏನೇನಿದೆ ಅಂತ ಹುಡುಕಿದವಳು ಅವಳೇ. ಉಪ್ಪಿನಕಾಯಿ ಭರಣಿಯ ಪಕ್ಕ ಹಳೆಯ ಮೊನೊಕ್ರೊಟೊಫಾಸ್ ಡಬ್ಬಿ, ಕೆಂಪು ತ್ರಿಕೋನ. ಅದನ್ನು ತರಕಾರಿಗೆ ಬಳಸಬಾರದು ಅಂತ 2005ರಲ್ಲೇ ನಿಷೇಧ ಆಗಿದೆ. ನಮ್ಮ ಕಾಕಾ ಬದನೆಗೆ ಹೊಡೆದು ಉಳಿದಿದ್ದು ಅದು! ಅವತ್ತು ಅವರ ಮನೆಯಲ್ಲಿ ಏನು ಮಾತಾಯ್ತು ಅನ್ನೋದನ್ನ ಇಲ್ಲಿ ಬರೆಯೋ ಹಾಗಿಲ್ಲ.

ಎರಡನೇ ಪಾಠ ಲೆಕ್ಕದ್ದು. ಗೋವಿನಜೋಳದ ಸುಳಿಯಲ್ಲಿ ಕೂರೋ ಲದ್ದಿ ಹುಳು, ಅದೇ ಫಾಲ್ ಸೈನಿಕ ಹುಳು, 2018ರಲ್ಲಿ ದೇಶಕ್ಕೆ ಬಂದಾಗ ಮೊದಲು ಕಂಡಿದ್ದೇ ನಮ್ಮ ಕರ್ನಾಟಕದಲ್ಲಿ. ಅದಕ್ಕೆ ಎಮಾಮೆಕ್ಟಿನ್ ಬೆಂಜೊಯೇಟ್ 5 ಎಸ್‌ಜಿ ಲೀಟರ್ ನೀರಿಗೆ 0.4 ಗ್ರಾಂ ಅಂತ ಶಿಫಾರಸು. ನಮ್ಮ ಪಂಪು 16 ಲೀಟರಿನದು. ಹಾಗಾದರೆ ಒಂದು ಪಂಪಿಗೆ ಎಷ್ಟು? ಏಳನೇ ಕ್ಲಾಸಿನ ಹುಡುಗ ಬೋರ್ಡಿನ ಮೇಲೆ 6.4 ಗ್ರಾಂ ಅಂತ ಬರೆದ. ಎಕರೆಗೆ 200 ಲೀಟರ್ ನೀರು ಹಿಡಿದರೆ ಒಟ್ಟು 80 ಗ್ರಾಂ. ಹಿಂದೆ ಕೂತಿದ್ದ ಅವನಪ್ಪ, ‘ನಾ ಒಂದ್ ಮುಚ್ಚಳ ಹಾಕತಿದ್ನೆಪಾ’ ಅಂದ. ಮುಚ್ಚಳ ಅಂದ್ರೆ ಯಾವ ಮುಚ್ಚಳ, ತುಂಬಾನೋ ಅರ್ಧವೋ, ಅದಕ್ಕೆ ಉತ್ತರ ಇಲ್ಲ. ಹೆಚ್ಚಾದರೆ ದುಡ್ಡು ದಂಡ, ಕಡಿಮೆಯಾದರೆ ಹುಳು ಸಾಯಲ್ಲ. ಈಗ ನಾಲ್ಕೈದು ಮನೆ ಸೇರಿ ಒಂದು ಚಿಕ್ಕ ಡಿಜಿಟಲ್ ತಕ್ಕಡಿ ಇಟ್ಟುಕೊಂಡಿದ್ದಾರೆ, ಅದು ಎಣ್ಣಿಗೆ ಮಾತ್ರ, ಅಡುಗೆಮನೆ ಹತ್ತಿರ ಸುಳಿಯೋ ಹಾಗಿಲ್ಲ. ತೂಗೋದು ದೊಡ್ಡವರೇ, ಕೈಗವಸು ಹಾಕ್ಕೊಂಡು. ಮಕ್ಕಳದ್ದು ಕಾಗದದ ಮೇಲಿನ ಲೆಕ್ಕ ಅಷ್ಟೇ.

ಇದೆಲ್ಲ ಶಾಲೆ ಆಟದ ಹಾಗೆ ಕಾಣಬಹುದು. ಕಳೆದ ಹಂಗಾಮಿನಲ್ಲಿ ಪಕ್ಕದ ಓಣಿಯ ಒಬ್ಬ ಅಣ್ಣಾರು ಮಧ್ಯಾಹ್ನದ ಬಿಸಿಲಲ್ಲಿ ಹತ್ತಿಗೆ ಎಣ್ಣಿ ಹೊಡೆದು ಬಂದವರು ಬೆವರಿ, ವಾಂತಿ ಮಾಡಿಕೊಂಡು, ಬಾಯಲ್ಲಿ ಜೊಲ್ಲು ಸುರಿಸುತ್ತಾ ಕಟ್ಟೆ ಮೇಲೆ ಒರಗಿಬಿಟ್ಟರು. 108ಕ್ಕೆ ಫೋನು ಮಾಡಿದ್ದಾಯ್ತು, ತಾಲ್ಲೂಕಿಗೆ ಹೋಗಿದ್ದಾಯ್ತು. ಡಾಕ್ಟರ್ ಮೊದಲು ಕೇಳಿದ್ದೇ ‘ಯಾವ ಔಷಧಿ ಹೊಡೀತಿದ್ರು?’ ಅಂತ. ಹೆಂಡತಿಗೆ ಹೆಸರು ಗೊತ್ತಿಲ್ಲ. ಆದರೆ ಮಗಳ ಫೋನಿನಲ್ಲಿ ಹಿಂದಿನ ಬುಧವಾರ ತೆಗೆದಿದ್ದ ಲೇಬಲ್ ಫೋಟೊ ಇತ್ತು. ಔಷಧಿಯ ಹೆಸರು, ಅದಕ್ಕೆ ಕೊಡಬೇಕಾದ ಮದ್ದು ಎರಡೂ ಅದರಲ್ಲೇ ಅಚ್ಚಾಗಿರುತ್ತೆ. ಡಾಕ್ಟರ್ ಅದನ್ನು ನೋಡಿ ಚಿಕಿತ್ಸೆ ಶುರು ಮಾಡಿದರು. ಮೂರು ದಿನಕ್ಕೆ ಅಣ್ಣಾರು ಮನೆಗೆ ಬಂದರು. ಅದಾದ ಮೇಲೆ ನಮ್ಮ ಬುಧವಾರಕ್ಕೆ ಗಂಡಸರನ್ನು ಕರೆಯೋ ಪ್ರಮೇಯವೇ ಬರಲಿಲ್ಲ.

ಹಾಗಾಗಿ, ಈ ಲೇಖನ ಇಲ್ಲಿಗೇ ನಿಲ್ಲಿಸಿದರೂ ಪರವಾಗಿಲ್ಲ, ಒಂದು ಕೆಲಸ ಮಾಡಿ: ಮನೆಯಲ್ಲಿರೋ ಪ್ರತಿ ಡಬ್ಬಿಯ ಲೇಬಲ್ ಫೋಟೊ ತೆಗೆದು, ನಿಮ್ಮ ಫೋನಿನಲ್ಲಿ ಮಾತ್ರ ಅಲ್ಲ, ಮನೆಯಲ್ಲಿ ಇರೋರ ಫೋನಿಗೂ ಕಳಿಸಿ. ನೀವು ಬಿದ್ದಾಗ ನಿಮ್ಮ ಫೋನಿನ ಲಾಕ್ ತೆಗೆಯೋರು ಯಾರು?

ಉಳಿದ ಚಟುವಟಿಕೆ ಸಣ್ಣವು, ಆದರೆ ಉಪಯೋಗಕ್ಕೆ ಬರ್ತವೆ. ಹವಾಮಾನ ಇಲಾಖೆ ಮತ್ತು ಕೃಷಿ ವಿಶ್ವವಿದ್ಯಾಲಯಗಳು ಸೇರಿ ಕೊಡೋ ಕೃಷಿ ಹವಾಮಾನ ಸಲಹೆ ಮಂಗಳವಾರ, ಶುಕ್ರವಾರ ಬರುತ್ತೆ. ಮಂಗಳವಾರದ್ದನ್ನು ಬುಧವಾರ ಒಬ್ಬರು ಗಟ್ಟಿಯಾಗಿ ಓದ್ತಾರೆ. ಮಳೆ ಇದೆ ಅಂದರೆ ಎಣ್ಣಿ ಹೊಡೆಯೋದು ಮುಂದಕ್ಕೆ. ಉತ್ತರ ಸಿಗದ ಪ್ರಶ್ನೆ ಇದ್ದರೆ ಕಿಸಾನ್ ಕಾಲ್ ಸೆಂಟರ್ 1800-180-1551ಕ್ಕೆ ಸ್ಪೀಕರ್ ಹಾಕಿ ಕರೆ. ಕನ್ನಡದಲ್ಲೇ ಮಾತಾಡ್ತಾರೆ, ಬೆಳಿಗ್ಗೆ 6ರಿಂದ ರಾತ್ರಿ 10ರವರೆಗೆ. ಒಬ್ಬರು ಕೇಳಿದ್ದು ಮೂವತ್ತು ಜನಕ್ಕೆ ಕೇಳುತ್ತೆ. ಪಹಣಿ ತೆಗೆದು ನೋಡೋದನ್ನೂ ಹೆಣ್ಮಕ್ಕಳು ಕಲಿತರು. ಗಂಡ ತೀರಿಕೊಂಡು ವರ್ಷಗಳಾದರೂ ಪಹಣಿಯಲ್ಲಿ ತಮ್ಮ ಹೆಸರು ಬಂದಿಲ್ಲ ಅಂತ ಇಬ್ಬರಿಗೆ ಅಲ್ಲೇ ಗೊತ್ತಾಯ್ತು. ಪೌತಿ ಖಾತೆಗೆ ಅರ್ಜಿ ಹಾಕಿದ್ದಾರೆ, ಕೆಲಸ ಇನ್ನೂ ನಡೀತಿದೆ.

ತೊಡಕೂ ಇವೆ. ಸಂಜೆ ಏಳಕ್ಕೆ ಇಟ್ಟರೆ ರೊಟ್ಟಿ ಬಡಿಯೋ ಹೊತ್ತು, ಹೆಣ್ಮಕ್ಕಳು ಬರಲ್ಲ. ಐದೂವರೆಗೆ ಇಟ್ಟರೆ ಹೊಲದವರು ಬರಲ್ಲ. ನಾವು ಹೆಣ್ಮಕ್ಕಳ ಹೊತ್ತನ್ನೇ ಹಿಡಿದೆವು. ಬಿತ್ತನೆ ಹದಿನೈದು ದಿನ ಬಾಗಿಲು ತೆರೆದರೂ ಜನ ಇರಲ್ಲ. ಕೂಸು ಕಟ್ಟಿಕೊಂಡು ಬರೋರಿಗೆ ಚಾಪೆ, ನಾಲ್ಕು ಆಟಿಗೆ ಸಾಮಾನು ಬೇಕು. ಅದನ್ನು ಸ್ವಸಹಾಯ ಸಂಘದವರು ಕೊಟ್ಟರು. ಕರೆಂಟು ಹೋದರೆ ಟಿವಿ ಇಲ್ಲ, ಆಗ ಮತ್ತೆ ಮಕ್ಕಳ ಗಂಟಲೇ ಗತಿ.

ನಿಮ್ಮೂರಲ್ಲಿ ಶುರು ಮಾಡಬೇಕು ಅನ್ನಿಸಿದರೆ ಮೊದಲು ಮೇಲ್ವಿಚಾರಕರ ಹತ್ತಿರ ಹೋಗಿ, ಅವರು ಒಪ್ಪಿದರೆ ಅರ್ಧ ಕೆಲಸ ಆದ ಹಾಗೆ. ಟಿವಿ ಡಬ್ಬಿಯಲ್ಲೇ ಇದ್ದರೆ ಗ್ರಾಮಸಭೆಯಲ್ಲಿ ಎದ್ದು ಕೇಳಿ, ಕೇಳಿದ್ದನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ. ತೆರಿಗೆ ರಸೀದಿ ಕಿಸೆಯಲ್ಲಿರಲಿ. ನಮ್ಮಲ್ಲಿ ಬರೋ ಬುಧವಾರದ ಪಾಠ ಖಾಲಿ ಡಬ್ಬಿಯದ್ದು: ಮೂರು ಸಲ ತೊಳೆದು, ಆ ನೀರನ್ನು ಪಂಪಿಗೇ ಸುರಿದು, ಡಬ್ಬಿಗೆ ತೂತು ಹೊಡೆಯೋದು, ಮತ್ತೆ ಯಾರೂ ಅದರಲ್ಲಿ ಅಡುಗೆ ಎಣ್ಣೆ ತರದ ಹಾಗೆ. ಚಿಗವ್ವ ಆಗಲೇ ಮನೆಮನೆಗೆ ಹೇಳಿ ಬಂದಿದ್ದಾಳೆ.