‘ರೂಪಾಯಿ’ ಅಂದೀರಿ, ಜೋಕೆ!

ಬೆಂಗಳೂರು: ಮಗಳ ಬಾಣಂತನಕ್ಕೆಂದು ಜಯನಗರ, ಬನಶಂಕರಿಯಿಂದ ಪರದೇಶಕ್ಕೆ ವಿಮಾನ ಹತ್ತುವ ಅಪ್ಪ-ಅಮ್ಮಂದಿರಿಗೆ ಅಲ್ಲೊಂದು ಗುಂಡಿ ಕಾದಿರುತ್ತದೆ. ‘ರೂಪಾಯಿಯಲ್ಲೇ ಲೆಕ್ಕ ಹಾಕಲೇ?’ ಎಂದು ಅಲ್ಲಿನ ಎಟಿಎಂ ನಯವಾಗಿ ಕೇಳುತ್ತದೆ. ನಮ್ಮ ದುಡ್ಡು ತಾನೇ ಅಂತ ಹೂಂ ಅಂದಿರೋ, ಕೆಟ್ಟಿರಿ! ದರ ಅವರದ್ದೇ, ಲಾಭವೂ ಅವರದ್ದೇ. ಆ ದೇಶದ ಹಣವನ್ನೇ ಆರಿಸಿ.

ಇಲ್ಲಿನ ಬ್ಯಾಂಕೂ ಸುಮ್ಮನಿರದು. ಶೇ. 3.5 ವಿನಿಮಯ ಶುಲ್ಕವಿದ್ದರೆ 10,000 ರೂಪಾಯಿಗೆ 350, ಅದರ ಮೇಲೆ ಶೇ. 18 ಜಿಎಸ್‌ಟಿ 63. ಒಟ್ಟು 413 ಖೋತಾ! ತೆಗೆದಾಗಲೆಲ್ಲಾ ಬೀಳುವ ಶುಲ್ಕ ಬೇರೆ. ಹಾಗಾಗಿ ಚೂರುಚೂರು ತೆಗೆಯದೆ ಒಮ್ಮೆಗೇ ತೆಗೆಯುವುದು ಮೇಲು. ಕ್ರೆಡಿಟ್ ಕಾರ್ಡಿನಲ್ಲಿ ನಗದು ತೆಗೆದರಂತೂ ಅಂದಿನಿಂದಲೇ ಬಡ್ಡಿ.

ಹೊರಡುವ ಮುನ್ನ ಬ್ಯಾಂಕಿಗೆ ಹೋಗಿ ಶುಲ್ಕ ಎಷ್ಟೆಂದು ಕೇಳಿ, ಕಾರ್ಡಿನ ವಿದೇಶಿ ಬಳಕೆ ಶುರು ಮಾಡಿಸಿಕೊಳ್ಳಿ. ಉಳಿದ ದುಡ್ಡು ಮೊಮ್ಮಗುವಿನ ಕೈಗಾದರೂ ಸೇರುತ್ತೆ.